ಮೂರನೆ ಮಹಡಿ, ಎಡಕ್ಕೆ

ಎಸಿಹಾ ಅಂತ ಒಂದು ಊರು, ಸ್ಪೇನಿನ ತೆಂಕಣ ತುದಿಯಲ್ಲಿ.
ಸುತ್ತಿನವರು ಬಾಣಲೆ ಅನ್ನುತ್ತಾರೆ ಅದನ್ನು.
ಜುಲೈನಲ್ಲಿ ಬಂದು ನಿಂತು ನೋಡಿ,
ಬೈಗುಳವಲ್ಲ ಅದು, ಅಳತೆ.

ಕಿಟಕಿಯ ಲೆಕ್ಕ ನನ್ನ ಕಸುಬು.
ಪರದೆಗೆ ಬಿದ್ದ ಬಿಸಿಲು ಮೂರು ಪಾಲು:
ಒಂದು, ಬಂದ ದಾರಿಗೆ ಸುಂಕವಿಲ್ಲವೆಂದು ಮರಳುತ್ತದೆ;
ಒಂದನ್ನು ಪಟ್ಟಿಗಳು ಕುಡಿದು ತಾವೇ ಕಾಯುತ್ತವೆ;
ಮಿಕ್ಕದ್ದು ಸಂದಿಯಲ್ಲಿ ನುಸುಳಿ
ನೆಲದ ಮೇಲೆ ನೋಟುಬುಕ್ಕಿನ ಗೆರೆ ಎಳೆಯುತ್ತದೆ.
ಮೂರೂ ಕೂಡಿದರೆ ಒಂದು.
ಕೂಡದಿದ್ದರೆ ತಪ್ಪು ನನ್ನದು, ಸೂರ್ಯನದಲ್ಲ.

ಪರದೆ ಗಾಜಿನ ಒಳಗಿದ್ದರೆ
ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ,
ಸೆರೆ ಸಿಕ್ಕ ಕಳ್ಳ ಮನೆಯೊಳಗೇ ಉಳಿದ.
ಹೊರಗಿದ್ದರೆ ಮಾತೇ ಬೇರೆ.
ಇಷ್ಟನ್ನು ಹದಿನೆಂಟು ಸಮೀಕರಣಗಳಲ್ಲಿ ಬರೆದೆ ನಾನು.
ಇಲ್ಲಿನ ಹೆಂಗಸರು ಎಸ್ಪಾರ್ತೊ ಹುಲ್ಲಿನ ಚಾಪೆಯನ್ನು
ಬಾಲ್ಕನಿಯ ಕಂಬಿಯಾಚೆ ಇಳಿಬಿಟ್ಟು
ಸಮೀಕರಣವಿಲ್ಲದೆ ನಿದ್ದೆ ಹೋಗುತ್ತಾರೆ.

ಕಳೆದ ಬೇಸಿಗೆ, ನಗರಸಭೆಯ ಹಳೆಯ ವಸತಿ,
ಪಡುವಣಕ್ಕೆ ಮುಖ, ಇಪ್ಪತ್ತನಾಲ್ಕು ಮನೆ,
ಮನೆಗೊಂದು ಬೆಂಕಿಪೊಟ್ಟಣದಷ್ಟು ಉಷ್ಣಮಾಪಕ.
ನನ್ನ ಲೆಕ್ಕ ಒಂದು ಗೆರೆ ಎಳೆಯಿತು, ಮನೆ ಇನ್ನೊಂದು;
ಹೆಗಲಿಗೆ ಹೆಗಲು ಕೊಟ್ಟು ನಡೆದವು ಎರಡೂ
ಇಪ್ಪತ್ತಮೂರು ಮನೆಗಳಲ್ಲಿ.

ಮೂರನೆ ಮಹಡಿ, ಎಡಕ್ಕೆ:
ದಿನಾ ಸಂಜೆ ಆರು ಹತ್ತಕ್ಕೆ
ಗೆರೆ ಎಡವಿ ಮೇಲಕ್ಕೆ ಬೀಳುತ್ತಿತ್ತು,
ಎರಡು ಡಿಗ್ರಿ, ಒಮ್ಮೊಮ್ಮೆ ಎರಡೂವರೆ.
ಇಪ್ಪತ್ತು ನಿಮಿಷ, ಆಮೇಲೆ ಇಳಿತ.
ಭಾನುವಾರ ಇಲ್ಲ.

ಮಾಪಕ ಕೆಟ್ಟಿದೆ, ಬದಲಿಸು, ಅಂದ ಮೇಲಧಿಕಾರಿ ಎಲಾಡಿಯೊ.
ಬದಲಿಸಿದೆ. ಅದೇ ಏರು.
ಪಟ್ಟಿಯ ಕೋನ ತಿರುಗಿಸಿದೆ, ಗಾಜಿನ ದಪ್ಪ ತಿದ್ದಿದೆ,
ಗೋಡೆಯ ಸುಣ್ಣವನ್ನೂ ಅನುಮಾನಿಸಿದೆ.
ಕೊನೆಗೆ ನಾಚಿಕೆ ಬಿಟ್ಟು
ಬಾಗಿಲು ತಟ್ಟಿದೆ.

ಫುಯೆನ್ಸಾಂತಾ, ಅರವತ್ತೊಂದು ವರ್ಷ,
ತುಟಿ ನಡುವೆ ಮೂರು ಗುಂಡುಸೂಜಿ.
ನೀರು ಚಿಮುಕಿಸಿದ ಹುಲ್ಲಿನ ವಾಸನೆ, ಮಬ್ಬು ಕೋಣೆ,
ಮೇಜಿನ ತುಂಬ ಊರ ಬ್ಯಾಂಡಿನವರ ಕೋಟುಗಳು.
"ಕೂತುಕೊ," ಅಂದಳು, "ಗಂಟೆ ಆಗಲಿ."

ಆರು ಹತ್ತು. ಎದ್ದು ಹಗ್ಗ ಎಳೆದಳು.
ಚಾಪೆ ಸುರುಳಿ ಸುತ್ತಿ ಮೇಲೆ ಹೋಯಿತು.
ಚದರ ಮೀಟರಿಗೆ ಏಳುನೂರು ವಾಟ್
(ನನಗೆ ಬಾಯಿಪಾಠ, ಮೈಗೆ ಅವತ್ತೇ ಗೊತ್ತಾದದ್ದು)
ಎದುರು ಗೋಪುರದ ಕೊಕ್ಕರೆ ಗೂಡು ದಾಟಿ
ಮುಖಕ್ಕೇ ಬಂತು.

ಎರಡು ದಾರ ಹಿಡಿದಳು ಬೆಳಕಿಗೆ.
"ಲೈಟಿನಡಿ ಎರಡೂ ಕಪ್ಪು. ಈಗ ನೋಡು."
ನೋಡಿದೆ. ಕಪ್ಪೇ.
ಇನ್ನೊಮ್ಮೆ ನೋಡಿದೆ.
ಒಂದು ಕಪ್ಪಾಗಿಯೇ ಉಳಿಯಿತು.
ಇನ್ನೊಂದು, ಅವಸರವಿಲ್ಲದೆ, ಕಡುನೀಲಿ ಎಂದು ಒಪ್ಪಿಕೊಂಡಿತು.

"ಹೋದ ಸಲ ತಪ್ಪಿದೆ. ಮೆರವಣಿಗೆಯಲ್ಲಿ, ಹಾಡುಹಗಲು,
ತುತ್ತೂರಿಯವನ ತೋಳಿನ ಹೊಲಿಗೆ
ಗಾಯದ ಹಾಗೆ ಕಾಣುತ್ತಿತ್ತು. ಊರೆಲ್ಲ ನೋಡಿತು."
ಬೆಳಿಗ್ಗೆ ನೋಡಬಹುದಲ್ಲ, ಅಂದೆ.
"ಬೆಳಿಗ್ಗೆ ಆಸ್ಪತ್ರೆಯ ಬಟ್ಟೆ ಯಾರು ಒಗೆಯುತ್ತಾರೆ, ನೀನಾ?"

ಮಾತಾಡುತ್ತಲೇ ಸೂಜಿ ಪೋಣಿಸಿದಳು, ಒಂದಾದ ಮೇಲೊಂದು,
ಎಡಕ್ಕೆ ಕಪ್ಪಿನ ಸಾಲು, ಬಲಕ್ಕೆ ನೀಲಿಯದು.
ಹುಬ್ಬಿನ ಬೆವರು ಬಟ್ಟೆಗೆ ಬೀಳದ ಹಾಗೆ
ತಲೆ ಹಿಂದಕ್ಕೆ ಹಿಡಿದಿದ್ದಳು.
ರಾತ್ರಿಗಾಗುವಷ್ಟು ಆಯಿತು.
ಹಗ್ಗ ಬಿಟ್ಟಳು. ಚಾಪೆ ದಪ್ಪನೆ ಇಳಿದು
ಕೋಣೆಯ ಬಾಯಿ ಮುಚ್ಚಿತು.

ಅಂದು ರಾತ್ರಿ ಲೆಕ್ಕಕ್ಕೆ ಒಂದು ಸಾಲು ಸೇರಿಸಿದೆ:
ಮೂರನೆ ಮಹಡಿ, ಎಡಕ್ಕೆ, ಆರು ಹತ್ತರಿಂದ ಆರೂವರೆ,
ಪರದೆ ಮೇಲೆ. ಭಾನುವಾರ ಬಿಟ್ಟು.
ಗೆರೆಗಳೆರಡೂ ಒಂದರ ಮೇಲೊಂದು ಮಲಗಿದವು.

ವರದಿಯ ಅಂಚಿನಲ್ಲಿ ಎಲಾಡಿಯೊ ಕೆಂಪು ಶಾಯಿಯಲ್ಲಿ ಕೇಳಿದ:
ಇದಕ್ಕೆ ಆಧಾರ?
ದಾರ, ಎಂದು ಬರೆದೆ.
ಬಣ್ಣವನ್ನೂ ಬರೆದೆ.